ಒಳಗೆಳೆದ ಉಸಿರು

ಹಾವ್ಸ್‌ವಿಕ್, 20 ಏಪ್ರಿಲ್ 1997

ಪ್ರೀತಿಯ ಹಿಲ್ಡಿಂಗ್ ಮಾವ,

ನಿಮ್ಮ ಪಾರ್ಸೆಲ್ ಬಂತು. ಎಲ್ಕ್ ಕಡವೆಯ ಮಾಂಸ, ಮಾರ್ಗಿತ್ ಅತ್ತೆ ಹೆಣೆದ ಕಾಲುಚೀಲ, ಜೌಗಿನ ಹಳದಿ ಹಣ್ಣಿನ ಜಾಮ್, ಎಲ್ಲವೂ ಕ್ಷೇಮವಾಗಿ ತಲುಪಿವೆ. ಜಾಮನ್ನು ಈಗಾಗಲೇ ಅರ್ಧ ಮುಗಿಸಿದ್ದೇನೆ, ಅಡುಗೆಮನೆಯಲ್ಲಿ ನಿಂತುಕೊಂಡೇ, ಚಮಚದಲ್ಲಿ. ನಿಮ್ಮ ಮಗ ಸ್ಟಾಫನ್‌ಗೆ ಹೇಳಬೇಡಿ. ನೀವು ಹೇಳುವುದಿಲ್ಲ ಬಿಡಿ, ನೀವು ಯಾರಿಗೂ ಏನೂ ಹೇಳುವವರಲ್ಲ.

ಫೋನ್ ಮಾಡದೆ ಯಾಕೆ ಬರೆಯುತ್ತಿದ್ದೇನೆ ಎಂದು ನಿಮಗೇ ಗೊತ್ತು. ಹೋದ ಸಲ ನಾನು ಒಂದೇ ಸಮನೆ ಮಾತಾಡಿ, ಆ ಕಡೆ ಸದ್ದೇ ಇಲ್ಲವಲ್ಲ, ಲೈನ್ ಕಟ್ಟಾಯಿತು ಎಂದುಕೊಂಡು ಇಟ್ಟುಬಿಟ್ಟೆ. ಆಮೇಲೆ ಅತ್ತೆ ಹೇಳಿದರು, ನೀವು ಕಿವಿಗೆ ಹಿಡಿದುಕೊಂಡೇ ಇದ್ದಿರಂತೆ. ಹೌದು ಹೌದು ಎನ್ನುತ್ತಲೂ ಇದ್ದಿರಂತೆ, ನಿಮ್ಮ ಉತ್ತರದ ಊರಿನ ರೀತಿಯಲ್ಲಿ, ಶುಪ್ ಎಂದು ಉಸಿರನ್ನು ಒಳಗೆಳೆದುಕೊಂಡು. ನನ್ನ ತವರು ಗೋಥೆನ್‌ಬರ್ಗಿನಲ್ಲಿ ನಮಗೆ ಹೌದು ಎನ್ನಲು ಮೂರು ವಾಕ್ಯ ಬೇಕು. ನಿಮಗೆ ಬಾಯಿ ಬಿಡುವುದೂ ಬೇಡ.

ಮದುವೆಯ ದಿನ ನೆನಪಿದೆಯಾ? ನಿಮ್ಮೂರಿನ ಚರ್ಚಿನ ಚಳಿಗೆ ನನ್ನ ಚಿಕ್ಕಮ್ಮಂದಿರು ತೆಳ್ಳನೆಯ ಶೂನಲ್ಲಿ ನಡುಗುತ್ತಿದ್ದರು. ದಕ್ಷಿಣದಿಂದ ಹೊಸದಾಗಿ ಬಂದಿದ್ದ ಪಾದ್ರಿ ಕೇಳಿದರು, ಪರ್ನಿಲ್ಲಾಳನ್ನು ಹೆಂಡತಿಯಾಗಿ ಸ್ವೀಕರಿಸುತ್ತೀಯಾ ಎಂದು. ಸ್ಟಾಫನ್ ಉಸಿರೆಳೆದ. ನಿಮ್ಮ ಕಡೆಯವರೆಲ್ಲ ಸಮಾಧಾನವಾಗಿ ಬೆನ್ನು ಒರಗಿಸಿದರು. ಪಾದ್ರಿ ಕಾದರು. ನಮ್ಮಮ್ಮ ಕರವಸ್ತ್ರ ಕಚ್ಚಿಕೊಂಡರು. ಆಗ ಮೊದಲ ಬೆಂಚಿನಿಂದ ನೀವು ಅಂದಿರಿ, "ಹೇಳಿ ಆಯ್ತಲ್ಲ." ಈಗಲೂ ನೆನೆಸಿಕೊಂಡು ಬಸ್ಸಿನಲ್ಲಿ ಒಬ್ಬಳೇ ನಗುತ್ತೇನೆ. ಜನ ನೋಡುತ್ತಾರೆ.

ಫುಟ್ಬಾಲ್ ಲೀಗ್ ಶುರುವಾಗಿದೆ. ನಾನು ದಕ್ಷಿಣದ ಗ್ಯಾಲರಿಯಲ್ಲಿ ಥರ್ಮಾಸ್ ಹಿಡಿದು ಕೂರುತ್ತೇನೆ. ಎಲ್ಲರೂ ಚೆಂಡು ನೋಡಿದರೆ ನಾನು ನಾಲ್ಕನೇ ನಂಬರಿನ ಬೆನ್ನು ನೋಡುತ್ತೇನೆ. ಎಂಥ ಚೆಂದದ ಬೆನ್ನು ಮಾವ ಅದು, ನೀವೇ ಮಾಡಿದ್ದು, ಥ್ಯಾಂಕ್ಸ್. ಒಂದೇ ಒಂದು ಯೋಚನೆ. ಕ್ಲಬ್ಬಿನ ಜೊತೆ ಅವನ ಕಾಂಟ್ರಾಕ್ಟ್ ಈ ಶರತ್ಕಾಲಕ್ಕೆ ಮುಗಿಯುತ್ತದೆ. ಮುಂದುವರಿಸುತ್ತಾರಾ ಎಂದು ಕೇಳಿದರೆ ಭುಜ ಕುಣಿಸುತ್ತಾನೆ. ಕೆಟ್ಟದ್ದೇನೂ ಆಗದಿರಲಿ ಎಂದು ನಾನು ಟೇಬಲ್ಲಿನ ಮರ ಮುಟ್ಟಿಕೊಳ್ಳುತ್ತೇನೆ.

ತುಂಬಾ ತುಂಬಾ ಪ್ರೀತಿಯಿಂದ,
ನಿಮ್ಮ ಸೊಸೆ ಪರ್ನಿಲ್ಲಾ

*

ಗ್ರಾನ್‌ಸೆಲೆ, 2 ಮೇ

ಪರ್ನಿಲ್ಲಾ,

ಮಾಂಸವನ್ನು ನಿಧಾನವಾಗಿ ಕರಗಿಸು. ಒಲೆಯ ಹತ್ತಿರ ಇಡಬೇಡ.

ಭಾನುವಾರದ ಪಂದ್ಯ ರೇಡಿಯೊದಲ್ಲಿ ಕೇಳಿದೆ. ಸೊನ್ನೆ-ಸೊನ್ನೆ. ಒಳ್ಳೆಯ ಆಟ. ಸ್ಟಾಫನ್ ಹೆಸರು ಎರಡೇ ಸಲ ಬಂತು. ಡಿಫೆಂಡರ್ ಹೆಸರು ಹೆಚ್ಚು ಬರಬಾರದು.

ಹೊಳೆಯ ಮೇಲಿನ ಮಂಜುಗಡ್ಡೆ ಇನ್ನೂ ಒಡೆದಿಲ್ಲ. ಜಾಮ್ ಇನ್ನೂ ಇದೆ, ಕಳಿಸುತ್ತೇನೆ.

ಹಿಲ್ಡಿಂಗ್

*

ಹಾವ್ಸ್‌ವಿಕ್, 9 ಜೂನ್

ಪ್ರೀತಿಯ ಮಾವ,

ನೀವು ರೇಡಿಯೊದಲ್ಲಿ ಕೇಳಿರುತ್ತೀರಿ. ಆದರೆ ರೇಡಿಯೊದವರು ಹೇಳಿದ್ದು ತಪ್ಪು. ಸ್ಟಾಫನ್ ನಿದ್ದೆ ಹೊಡೆಯುತ್ತಿರಲಿಲ್ಲ.

ಚೆಂಡು ಎತ್ತರಕ್ಕೆ ಬಂತು. ನಮ್ಮ ಗೋಲ್‌ಕೀಪರ್ ಯೊರ್ಗೆನ್ ಹಿಂದಿನಿಂದ "ನಿಂದಾ?" ಎಂದು ಕೂಗಿದ. ನಾನು ಕುಳಿತಲ್ಲಿಗೂ ಕೇಳಿಸಿತು, ಮಾಲ್ಮೊದವನು, ಗಂಟಲು ದೊಡ್ಡದು. ಸ್ಟಾಫನ್‌ನ ಎದೆ ಉಬ್ಬಿದ್ದು ನನಗೆ ಕಾಣಿಸಿತು. ಅವನು ಉಸಿರೆಳೆದ ಮಾವ. ಹೌದು ಅಂದ. ಅಷ್ಟು ಜನರ ಗಲಾಟೆಯ ನಡುವೆ, ಗಾಳಿಯಲ್ಲಿ, ನಿಮ್ಮ ಅಡುಗೆಮನೆಯಲ್ಲಿ ಕಾಫಿಗೆ ಹೌದು ಅಂದ ಹಾಗೆ. ಉತ್ತರ ಬರಲಿಲ್ಲವೆಂದು ಯೊರ್ಗೆನ್ ಮುಂದೆ ನುಗ್ಗಿದ. ಇಬ್ಬರೂ ಡಿಕ್ಕಿ. ಯೊರ್ಗೆನ್‌ನ ಭುಜದ ಮೂಳೆ ಮುರಿಯಿತು. ಚೆಂಡು ಯಾರ ಹಂಗೂ ಇಲ್ಲದೆ ಉರುಳಿಕೊಂಡು ಗೋಲಿನೊಳಗೆ ಹೋಯಿತು.

ಕೋಚ್ ರೂನೆ ಪತ್ರಿಕೆಯವರ ಮುಂದೆ ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಡಿಫೆಂಡರ್‌ಗೆ ಬಾಯಿ ಮೊದ್ಲು, ಕಾಲು ಆಮೇಲೆ. ಇವನಿಗೆ ಕಾಲು ಮಾತ್ರ ಇದೆ." ಈಗ ಅವನನ್ನು ಆಡಿಸುತ್ತಿಲ್ಲ, ಬೆಂಚಿನ ಮೇಲೆ ಕೂತಿದ್ದಾನೆ.

ನಾನು ಸಲೂನಿನಲ್ಲಿ ಕೆಲಸ ಮಾಡುವವಳು, ಊರೆಲ್ಲ ನನ್ನ ಕುರ್ಚಿಗೇ ಬರುತ್ತದೆ. ನಿನ್ನೆ ಒಬ್ಬ ಹೆಂಗಸು, ನಾನು ಯಾರೆಂದು ಗೊತ್ತಿಲ್ಲದೆ, ಕನ್ನಡಿಯಲ್ಲಿ ನನ್ನನ್ನೇ ನೋಡಿಕೊಂಡು ಹೇಳಿದಳು, "ಆ ಬಾಯಿಸತ್ತೋನನ್ನ ವಾಪಸ್ ಕಾಡಿಗೆ ಕಳಿಸ್ಬೇಕಪ್ಪ." ಅವಳ ಹಣೆಯ ಮೇಲಿನ ಕೂದಲನ್ನು ಸೊಟ್ಟ ಕತ್ತರಿಸಿದೆ. ಬೇಕೆಂದೇ ಮಾಡಿದೆನೋ, ಕತ್ತರಿ ಜಾರಿತೋ, ನನಗೇ ಗೊತ್ತಿಲ್ಲ.

ಅವನು ನನ್ನ ಹತ್ತಿರ ಈ ಬಗ್ಗೆ ಒಂದು ಮಾತೂ ಆಡಿಲ್ಲ. ಆಸ್ಪತ್ರೆಗೆ ಹೋಗಿ ಯೊರ್ಗೆನ್‌ನ ಮಂಚದ ಪಕ್ಕ ಕೂತು ಬರುತ್ತಾನೆ. ಏನು ಮಾತಾಡಿದೆ ಎಂದರೆ "ಕೂತಿದ್ದೆ" ಎನ್ನುತ್ತಾನೆ. ನಾನೇನು ಮಾಡಲಿ, ಹೇಳಿ. ಹೀಗೇ ಆದರೆ ಅವರು ಅವನನ್ನು ಇಟ್ಟುಕೊಳ್ಳುವುದಿಲ್ಲ. ಬಾಯಿಲ್ಲದವನು ಎಂದು ಹೆಸರು ಬಿದ್ದರೆ ಬೇರೆ ಯಾವ ಕ್ಲಬ್ಬೂ ಕರೆಯುವುದಿಲ್ಲ.

ನಿಮ್ಮ
ಪರ್ನಿಲ್ಲಾ

*

ಗ್ರಾನ್‌ಸೆಲೆ, 19 ಜೂನ್

ಪರ್ನಿಲ್ಲಾ,

ಅವನು ಚಿಕ್ಕವನಿದ್ದಾಗಿನಿಂದ ನನ್ನ ಜೊತೆ ಎಲ್ಕ್ ಬೇಟೆಗೆ ಬರುತ್ತಿದ್ದ. ಕಾಡಿನಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಜಾಗ. ಅಲ್ಲಿ ನಿಲ್ಲಬೇಕು, ನೋಡಬೇಕು, ಸದ್ದು ಮಾಡಬಾರದು. ತಂಡದ ಮುಖ್ಯಸ್ಥ ನಾನು, ವಾಕಿಟಾಕಿಯಲ್ಲಿ ಕೇಳುತ್ತೇನೆ, ಕಂಡಿತಾ ಎಂದು. ಕಂಡಿದ್ದರೆ ಉಸಿರೆಳೆಯಬೇಕು, ಅಷ್ಟೇ. ಪ್ರಾಣಿಗೆ ಕೇಳಿಸುವುದಿಲ್ಲ, ನಮಗೆ ಕೇಳಿಸುತ್ತದೆ.

ಅವನಷ್ಟು ಚೆನ್ನಾಗಿ ನಿಲ್ಲುವವರು ತಂಡದಲ್ಲಿ ಇರಲಿಲ್ಲ.

ಕಲಿಸಿದ್ದು ನಾನು.

ಮಾಂಸ ಕಳಿಸಿದ್ದೇನೆ.

ಹಿಲ್ಡಿಂಗ್

*

ಹಾವ್ಸ್‌ವಿಕ್, 14 ಜುಲೈ

ಪ್ರೀತಿಯ ಮಾವ,

ನಾನು ಸುಮ್ಮನೆ ಕೂರುವವಳಲ್ಲ. ಅವನನ್ನು ಸಮುದ್ರದ ಅಲೆತಡೆ ಕಟ್ಟೆಗೆ ಕರೆದುಕೊಂಡು ಹೋದೆ, ಕೂಗುವುದನ್ನು ಕಲಿಸಲು. ಅಲ್ಲಿ ಯಾರೂ ಇರುವುದಿಲ್ಲ, ಕಡಲಹಕ್ಕಿಗಳನ್ನು ಬಿಟ್ಟರೆ. ಅವಕ್ಕೆ ಕೂಗಲು ಯಾರೂ ಕಲಿಸಬೇಕಾಗಿಲ್ಲ.

"ಕೂಗು," ಅಂದೆ.

"ಏನಂತ?"

"'ನಂದು' ಅಂತ."

ಅವನು ನೀರನ್ನು ನೋಡಿದ, ಆಕಾಶ ನೋಡಿದ. "ಇಲ್ಲಿ ಬಾಲ್ ಇಲ್ವಲ್ಲ," ಅಂದ.

ನನಗೆ ನಗು ಬಂತು, ಅವನಿಗೂ ಬಂತು, ಕಟ್ಟೆಯ ಮೇಲೆ ಕೂತು ದಾಲ್ಚಿನ್ನಿ ಬನ್ ತಿಂದು ವಾಪಸ್ ಬಂದೆವು. ಇಡೀ ಬೇಸಿಗೆಯಲ್ಲಿ ಅದೊಂದೇ ಒಳ್ಳೆಯ ದಿನ.

ಆಮೇಲೆ ಮನೆಯಲ್ಲಿ ಒಂದು ರೂಲ್ ಮಾಡಿದೆ. ಇನ್ನು ಮುಂದೆ ಉಸಿರೆಳೆಯುವಂತಿಲ್ಲ, ಬಾಯಿಬಿಟ್ಟು ಹೇಳಬೇಕು. ಅವನು ಒಪ್ಪಿದ. ಕಾಫಿ ಬೇಕಾ ಎಂದರೆ "ಹೌದು, ಕಾಫಿ ಬೇಕು" ಎನ್ನುತ್ತಾನೆ. ಕಿಟಕಿ ಮುಚ್ಚಲಾ ಎಂದರೆ "ಹೌದು, ಕಿಟಕಿ ಮುಚ್ಚು." ವಿದೇಶಿಯರಿಗೆ ಭಾಷೆ ಕಲಿಸುವ ಕ್ಯಾಸೆಟ್ಟಿನ ಹಾಗೆ. ಒಂದು ವಾರ ಗೆದ್ದೆ ಎಂದುಕೊಂಡೆ. ಆಮೇಲೆ ಒಂದು ಬೆಳಿಗ್ಗೆ ನನ್ನ ಮೇಲೆ ಪ್ರೀತಿ ಇದೆಯಾ ಎಂದು ಕೇಳಿದೆ, ದಿನಾ ಕೇಳುವ ಹಾಗೆ, ತಮಾಷೆಗೆ. "ಹೌದು, ಪ್ರೀತಿ ಇದೆ," ಅಂದ. ಮಾವ, ಅದು ನನಗೆ ಹಿಡಿಸಲಿಲ್ಲ. ಮೊದಲು ಅವನು ಆ ಪ್ರಶ್ನೆಗೆ ಉಸಿರೆಳೆದಾಗ ನನ್ನ ಕಿವಿಯ ಹತ್ತಿರ ಸಣ್ಣ ಗಾಳಿ ಆಡಿದ ಹಾಗಿರುತ್ತಿತ್ತು. ಈಗ ಬ್ಯಾಂಕಿನ ಕೌಂಟರಿನಲ್ಲಿ ನಿಂತ ಹಾಗಾಯಿತು.

ರೂಲ್ ವಾಪಸ್ ತೆಗೆದುಕೊಂಡೆ. ಆದರೆ ಮೈದಾನದಲ್ಲಿ? ಪ್ರಾಕ್ಟೀಸಿನಲ್ಲಿ ಕೂಗುತ್ತಾನಂತೆ, ಪಂದ್ಯ ಬಂದರೆ ಬಾಯಿ ಹೊಲಿದುಕೊಳ್ಳುತ್ತದಂತೆ. ಇದನ್ನು ಹೇಳಿದ್ದೂ ಅವನಲ್ಲ, ಯೊರ್ಗೆನ್. ತೋಳನ್ನು ಕುತ್ತಿಗೆಗೆ ಕಟ್ಟಿದ ಪಟ್ಟಿಯಲ್ಲಿ ಹಾಕಿಕೊಂಡು ಹೇರ್‌ಕಟ್‌ಗೆ ಬಂದಿದ್ದ. "ಅವನು ಒಳ್ಳೆಯವನಮ್ಮ, ಆದ್ರೆ ಪಂದ್ಯದಲ್ಲಿ ಅವನ ಹಿಂದೆ ನಿಂತ್ರೆ ಗೋಡೆ ಹಿಂದೆ ನಿಂತಂಗೆ. ಆ ಕಡೆ ಏನಾಗ್ತಿದೆ ಗೊತ್ತಾಗಲ್ಲ," ಅಂದ. ನನಗೂ ಅದೇ ಭಯ, ಮಾವ. ಆ ಕಡೆ ಏನಾಗುತ್ತಿದೆಯೋ ನನಗೂ ಗೊತ್ತಾಗುತ್ತಿಲ್ಲ.

ಕ್ಲಬ್ಬು ಕೊನೆಯಿಂದ ಮೂರನೇ ಸ್ಥಾನದಲ್ಲಿದೆ. ಇನ್ನೊಂದು ಮೆಟ್ಟಿಲು ಜಾರಿದರೆ ಕೆಳಗಿನ ಲೀಗ್.

ನಿಮ್ಮ ಪ್ರೀತಿಯ
ಪರ್ನಿಲ್ಲಾ

*

ಗ್ರಾನ್‌ಸೆಲೆ, 22 ಆಗಸ್ಟ್

ಪರ್ನಿಲ್ಲಾ,

ಹುಳಿಬರಿಸಿದ ಮೀನಿನ ಡಬ್ಬಿ ಕಳಿಸಿದ್ದೇನೆ. ಉಬ್ಬಿದ್ದರೆ ಹೆದರಬೇಡ, ಉಬ್ಬಲೇಬೇಕು. ಮನೆಯೊಳಗೆ ತೆರೆಯಬೇಡ, ನಾರುತ್ತದೆ.

ಮಹಡಿಯ ಕೋಣೆಗೆ ಹೊಸ ಗೋಡೆಕಾಗದ ಅಂಟಿಸಿದ್ದೇನೆ. ನೀಲಿ. ಇಬ್ಬರಿಗೆ ಸಾಕಾಗುವಷ್ಟು ಜಾಗವಿದೆ. ಮರದ ಮಿಲ್ಲಿನ ಮೇಸ್ತ್ರಿಯ ಹತ್ತಿರ ಮಾತಾಡಿದೆ. ಕ್ರಿಸ್‌ಮಸ್ ಕಳೆದ ಮೇಲೆ ಸ್ಟಾಫನ್ ಕೆಲಸಕ್ಕೆ ಸೇರಬಹುದು. ಪೇಟೆಯಲ್ಲಿ ಸಲೂನ್ ಒಂದಿದೆ, ನಿನಗೆ.

ಬೇಟೆಯಲ್ಲಿ ಅವನ ಹಳೆಯ ಜಾಗವನ್ನು ಯಾರಿಗೂ ಕೊಟ್ಟಿಲ್ಲ.

ಹಿಲ್ಡಿಂಗ್

*

ಹಾವ್ಸ್‌ವಿಕ್, 29 ಆಗಸ್ಟ್

ಮಾವ,

ಯಾವ ಕೋಣೆ? ಯಾವ ಕೆಲಸ? ನಾವು ಬರುತ್ತೇವೆಂದು ನಿಮಗೆ ಯಾರು ಹೇಳಿದರು?

ನಿಮ್ಮ ಪತ್ರವನ್ನು ಬಾಲ್ಕನಿಯಲ್ಲಿ ಓದಿದೆ, ಆ ಡಬ್ಬಿಯನ್ನೂ ಅಲ್ಲೇ ತೆರೆದಿದ್ದೆ. ನಾನು ಅತ್ತಿದ್ದು ವಾಸನೆಗೆ ಎಂದು ಪಕ್ಕದ ಮನೆಯವರು ತಿಳಿದುಕೊಂಡರು. ಒಳ್ಳೆಯದೇ ಆಯಿತು.

ಸ್ಟಾಫನ್ ಪ್ರಾಕ್ಟೀಸಿನಿಂದ ಬಂದ ಕೂಡಲೇ ಕೇಳಿದೆ, ಊರಿಗೆ ಹೋಗುತ್ತೇನೆಂದು ನೀನು ಹೇಳಿದೆಯಾ ಎಂದು. ಅವನು ಶೂ ಬಿಚ್ಚುತ್ತಿದ್ದವನು ಹಾಗೇ ನಿಂತ. "ಅಪ್ಪಂಗೆ ನಾನು ಬರ್ಬೇಕಂತೆ," ಅಂದ.

"ನಿನಗೇನ್ ಬೇಕು?"

ಅವನು ಅಡುಗೆಮನೆಗೆ ಹೋಗಿ ಒಂದು ಕಪ್ ತೊಳೆದ. ಅದು ಮೊದಲೇ ತೊಳೆದಿದ್ದ ಕಪ್.

ಇಲ್ಲಿ ಇನ್ನೂ ಏನೂ ತೀರ್ಮಾನವಾಗಿಲ್ಲ ಮಾವ. ರೂನೆ ಅವನನ್ನು ಬೇಡವೆಂದಿಲ್ಲ, ಬೇಕೆಂದೂ ಅಂದಿಲ್ಲ. ಇಂಥ ಹೊತ್ತಿನಲ್ಲಿ ಅಲ್ಲಿ ಹಾಸಿಗೆ ಹಾಸಿಟ್ಟಿದ್ದಾರೆ ಎಂದು ಗೊತ್ತಾದರೆ ಅವನು ತಾನಾಗಿಯೇ ಎದ್ದು ಹೊರಟುಬಿಡುತ್ತಾನೆ, ಯಾರಿಗೂ ತೊಂದರೆಯಾಗದ ಹಾಗೆ, ಬಾಗಿಲನ್ನು ಮೆಲ್ಲಗೆ ಮುಚ್ಚಿಕೊಂಡು. ಅವನಿಗೆ ಇಪ್ಪತ್ತಾರು ವರ್ಷ. ಮಿಲ್ಲಿನಲ್ಲಿ ಹಲಗೆ ಕೊಯ್ಯುತ್ತಾ ಭಾನುವಾರ ರೇಡಿಯೊ ಕೇಳುತ್ತಾ ಕೂರುವ ಸ್ಟಾಫನ್ ಜೊತೆಗೂ ನಾನು ಬದುಕಬಲ್ಲೆ. ಅವನಿಗೆ ಅದೇ ಬೇಕಿದ್ದರೆ ನಾಳೆಯೇ ಮೂಟೆ ಕಟ್ಟುತ್ತೇನೆ, ಪ್ರಾಮಿಸ್. ಆದರೆ ಅವನಿಗೆ ಬೇಕೋ ಬೇಡವೋ ಎಂದು ನನಗೆ ಗೊತ್ತಾಗಬೇಕು.

ನಿಮ್ಮಿಬ್ಬರಲ್ಲಿ ಯಾರು ಯಾರನ್ನು ಏನು ಕೇಳಿದಿರಿ? ದಯವಿಟ್ಟು ಇದೊಂದಕ್ಕೆ ನಾಲ್ಕು ಸಾಲಿಗಿಂತ ಹೆಚ್ಚು ಬರೆಯಿರಿ.

ಪರ್ನಿಲ್ಲಾ

*

ಗ್ರಾನ್‌ಸೆಲೆ, 16 ಸೆಪ್ಟೆಂಬರ್

ಪ್ರೀತಿಯ ಪರ್ನಿಲ್ಲಾ,

ಬೇಟೆ ಮುಗಿಯುವವರೆಗೆ ಬರೆಯಲಾಗಲಿಲ್ಲ. ಕಾಡಿನಲ್ಲಿ ನಿಂತು ಇದನ್ನೇ ಯೋಚಿಸಿದೆ. ಒಂದು ಎಲ್ಕ್ ಎದುರಿಗೇ ದಾಟಿಕೊಂಡು ಹೋಯಿತು, ನಾನು ಕೋವಿ ಎತ್ತಲಿಲ್ಲ. ತಂಡದವರು ಕೇಳಿದ್ದಕ್ಕೆ ಕಾಣಲಿಲ್ಲ ಅಂದೆ.

ಜುಲೈ ಕೊನೆಯಲ್ಲಿ ಸ್ಟಾಫನ್ ಫೋನ್ ಮಾಡಿದ್ದ. ಕಷ್ಟವಾಗುತ್ತಿದೆಯಾ ಎಂದು ಕೇಳಿದೆ. ಉಸಿರೆಳೆದ. ಮನೆಗೆ ಬರಬೇಕು ಅನ್ನಿಸುತ್ತಿದೆಯಾ ಎಂದು ಕೇಳಿದೆ. ಉಸಿರೆಳೆದ. ಸರಿ, ಕೋಣೆ ಸಿದ್ಧ ಮಾಡುತ್ತೇನೆ ಅಂದೆ. ಅವನು ಫೋನ್ ಇಟ್ಟ.

ನಿನ್ನ ಪತ್ರವನ್ನು ಮಾರ್ಗಿತ್‌ಗೆ ತೋರಿಸಿದೆ. ಅವಳು ಕೇಳಿದ್ದು, ನಾನು ಹೇಳಿದ್ದು, ಇದ್ದ ಹಾಗೆ ಬರೆಯುತ್ತೇನೆ.

"ಅವನು ಬರ್ತೀನಿ ಅಂದ್ನಾ?"

"ಹೌದು ಅಂದ."

"ಹೆಂಗಂದ?"

"ಉಸಿರೆಳೆದ."

"ಫೋನಲ್ಲಿ ಎಲ್ರೂ ಉಸಿರಾಡ್ತಾರೆ, ಹಿಲ್ಡಿಂಗ್."

ಅವತ್ತಿನಿಂದ ಅದೇ ನನ್ನ ತಲೆಯಲ್ಲಿದೆ. ಎರಡನೆಯ ಉಸಿರು ಸ್ವಲ್ಪ ಉದ್ದವಿತ್ತು. ಹೌದು ಅನ್ನುವ ಉಸಿರು ಅಷ್ಟು ಉದ್ದವಿರುವುದಿಲ್ಲ. ಏನನ್ನೋ ಹೇಳಲು ಹೊರಟವನು ಎಳೆದುಕೊಳ್ಳುವ ಉಸಿರು ಅದು. ನಾನು ಮಧ್ಯೆ ಬಾಯಿ ಹಾಕಿದೆ. ಜೀವಮಾನದಲ್ಲಿ ಯಾರ ಮಾತನ್ನೂ ಕತ್ತರಿಸಿದವನಲ್ಲ ನಾನು. ಅವನದನ್ನು ಕತ್ತರಿಸಿದೆ.

ಅಪ್ಪನಿಗೆ ನಾನು ಬರಬೇಕಂತೆ ಎಂದು ಅವನು ತಿಳಿದ. ಮಗನಿಗೆ ಬರಬೇಕಂತೆ ಎಂದು ನಾನು ತಿಳಿದೆ. ಗೋಡೆಕಾಗದ ಅಂಟಿಸುವಾಗ ನನಗೆ ಸಂತೋಷವಾಗಿತ್ತು, ಅದನ್ನೂ ಬರೆದುಬಿಡುತ್ತೇನೆ.

ಅವನು ಏನು ಹೇಳಲು ಹೊರಟಿದ್ದನೋ ನನಗೆ ಗೊತ್ತಿಲ್ಲ. ಫೋನಿನಲ್ಲಿ ಮತ್ತೆ ಕೇಳುವ ಧೈರ್ಯವಿಲ್ಲ. ಕೊನೆಯ ಪಂದ್ಯಕ್ಕೆ ರೈಲಿನ ಟಿಕೆಟ್ ತೆಗೆದಿದ್ದೇನೆ. ಅವನು ಆಡಿದರೂ ಸರಿ, ಬೆಂಚಿನ ಮೇಲೆ ಕೂತರೂ ಸರಿ. ಅವನಿಗೆ ತಿಳಿಸಬೇಡ.

ಅಲ್ಲಿ ಜನ ಬಹಳವೇ?

ನಿನ್ನ ಮಾವ
ಹಿಲ್ಡಿಂಗ್

*

ಹಾವ್ಸ್‌ವಿಕ್, 5 ನವೆಂಬರ್

ಪ್ರೀತಿಯ ಪ್ರೀತಿಯ ಮಾವ,

ನೀವು ನನ್ನ ಪಕ್ಕದಲ್ಲೇ ಕೂತಿದ್ದಿರಿ, ಆದರೂ ಪಂದ್ಯದ ಬಗ್ಗೆ ಬರೆಯುತ್ತೇನೆ, ಏಕೆಂದರೆ ದ್ವಿತೀಯಾರ್ಧ ಪೂರ್ತಿ ನೀವು ಕಣ್ಣು ಮುಚ್ಚಿಕೊಂಡಿದ್ದಿರಿ. ರೇಡಿಯೊ ಕೇಳುವವರ ಹಾಗೆ, ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು. ಹಿಂದಿನ ಸಾಲಿನವನು ನನ್ನನ್ನು ಕೇಳಿದ, ತಾತಂಗೆ ಹುಷಾರಿಲ್ವಾ ಎಂದು.

ಸೋಲದಿದ್ದರೆ ಸಾಕಿತ್ತು, ಇದೇ ಲೀಗಿನಲ್ಲಿ ಉಳಿದುಕೊಳ್ಳುತ್ತಿದ್ದೆವು. ಸ್ಟಾಫನ್‌ನ ಜಾಗದಲ್ಲಿ ಆಡುತ್ತಿದ್ದವನು ಹಳದಿ ಕಾರ್ಡುಗಳು ಹೆಚ್ಚಾಗಿ ಈ ಪಂದ್ಯಕ್ಕೆ ಹೊರಗುಳಿದಿದ್ದರಿಂದ ರೂನೆಗೆ ಬೇರೆ ದಾರಿಯಿರಲಿಲ್ಲ. ಟೀಮಿನ ಹೆಸರು ಓದಿದಾಗ ನಾಲ್ಕನೇ ನಂಬರಿಗೆ ನಮ್ಮ ಗ್ಯಾಲರಿಯಲ್ಲೇ ಯಾರೋ ಶಿಳ್ಳೆ ಹೊಡೆದು ಅಣಕಿಸಿದರು. ನೀವು ತಿರುಗಿ ನೋಡಲಿಲ್ಲ. ನಾನು ನೋಡಿದೆ. ಆ ಸೊಟ್ಟ ಕೂದಲಿನ ಹೆಂಗಸಿನ ಗಂಡ.

ಎಪ್ಪತ್ತೈದನೇ ನಿಮಿಷದ ಹೊತ್ತಿಗೆ ನನ್ನ ಕೈಗವಸು ಒದ್ದೆಯಾಗಿತ್ತು, ಕಚ್ಚಿ ಕಚ್ಚಿ. ಎದುರಾಳಿಗಳಿಗೆ ಕಾರ್ನರ್ ಕಿಕ್. ಗಾಳಿ ಚೆಂಡನ್ನು ಎತ್ತಿಕೊಂಡು ಗೋಲಿನ ಕಡೆಗೇ ತಿರುಗಿಸಿತು. ಯೊರ್ಗೆನ್, ಭುಜ ಕೂಡಿದ ಮೇಲೆ ಅವನ ಎರಡನೇ ಪಂದ್ಯ, ಹಿಂದಿನಿಂದ ಕೂಗಿದ. ಅದೇ ಪ್ರಶ್ನೆ, ಅದೇ ಗಂಟಲು. ಸ್ಟಾಫನ್‌ನ ಎದೆ ಉಬ್ಬಿತು. ಮಾವ, ನಾನು ಆಗ ಸತ್ತೇ ಹೋದೆ. ಮತ್ತೆ ಉಸಿರೆಳೆದ, ಮುಗಿಯಿತು, ಎಲ್ಲ ಮುಗಿಯಿತು ಎಂದುಕೊಂಡೆ.

ಆದರೆ ಆ ಉಸಿರು ಒಳಗೇ ಉಳಿಯಲಿಲ್ಲ. "ನಂದು" ಎಂದು ಬಂತು. ಗ್ಯಾಲರಿಯವರೆಗೂ ಬಂತು. ಯೊರ್ಗೆನ್ ನಿಂತಲ್ಲೇ ನಿಂತ, ಸ್ಟಾಫನ್ ಎಗರಿ ಹಣೆಯಿಂದ ಚೆಂಡನ್ನು ಎಲ್ಲಿಗೋ ಅಟ್ಟಿದ. ನೀವು ಕಣ್ಣು ಬಿಟ್ಟು ನನ್ನನ್ನು ಕೇಳಿದಿರಿ, "ಯಾರದು ಆ ದನಿ?" ನೀವು ಕೇಳಿದ್ದು ತಮಾಷೆಗಲ್ಲ, ನನಗೆ ಗೊತ್ತು. ನನಗೂ ಆ ದನಿಯ ಪರಿಚಯವಿರಲಿಲ್ಲ. ನಿಮ್ಮ ಮಗನದು ಎಂದು ಹೇಳಿ ನಾನು ಅತ್ತುಬಿಟ್ಟೆ, ನೀವು ಥರ್ಮಾಸಿನ ಮುಚ್ಚಳವನ್ನು ತಿರುಗಿಸುತ್ತಲೇ ಇದ್ದಿರಿ, ಅದು ಆಗಲೇ ತೆರೆದಿತ್ತು.

ಸೊನ್ನೆ-ಸೊನ್ನೆ. ಒಳ್ಳೆಯ ಆಟ.

ಆಟಗಾರರ ಬಾಗಿಲ ಹತ್ತಿರ ನಿಮ್ಮಿಬ್ಬರನ್ನೇ ಬಿಟ್ಟು ನಾನು ಬೇಕೆಂದೇ ಕಾರಿನ ಕಡೆ ಹೋದೆ. ದೂರದಿಂದ ನೋಡಿದೆ, ನೀವು ಅವನಿಗೆ ಕಾಫಿ ಸುರಿದುಕೊಟ್ಟಿರಿ, ಅವನು ಕುಡಿದ, ಕಪ್ಪನ್ನು ಅಲ್ಲಾಡಿಸಿ ವಾಪಸ್ ಕೊಟ್ಟ. ಬೇರೆ ಯಾರಾದರೂ ಅದನ್ನು ನೋಡಿ ಅಪರಿಚಿತರು ಎಂದುಕೊಳ್ಳುತ್ತಿದ್ದರು. ಅಲ್ಲಿ ಏನು ಮಾತಾಯಿತು ಎಂದು ನಾನು ಕೇಳುವುದಿಲ್ಲ. ಅಂದರೆ ಕೇಳಿದೆ, ಅವನು ಹೇಳಲಿಲ್ಲ.

ಈಗ ಸುದ್ದಿ. ನಿನ್ನೆ ಕ್ಲಬ್ಬಿನ ಆಫೀಸಿಗೆ ಕರೆದಿದ್ದರು. ನಾನೂ ಹೋಗಿದ್ದೆ. ಇನ್ನೊಂದು ವರ್ಷ, ಒಂದೇ ವರ್ಷ, ಒಪ್ಪಿಗೆಯಾ ಎಂದು ಅಧ್ಯಕ್ಷರು ಕೇಳಿದರು. ಸ್ಟಾಫನ್ ಉಸಿರೆಳೆದ. ಅಧ್ಯಕ್ಷರು ಪೆನ್ನು ಹಿಡಿದುಕೊಂಡು ಕಾದರು. ರೂನೆ ಚಾವಣಿ ನೋಡಿದ. ನಾನು ಬಾಯಿ ತೆರೆದೆ, "ಹೇಳಿ ಆಯ್ತಲ್ಲ" ಎನ್ನಲು, ನಿಮ್ಮ ಹಾಗೇ, ಮೊದಲ ಬೆಂಚಿನಿಂದ. ಆಮೇಲೆ ನಿಮ್ಮ ಸೆಪ್ಟೆಂಬರ್ ಪತ್ರ ನೆನಪಾಗಿ ಬಾಯಿ ಮುಚ್ಚಿದೆ. ಗೊತ್ತಲ್ಲ, ನನಗೆ ಅದು ಎಷ್ಟು ಕಷ್ಟ.

"ಆಡ್ತೀನಿ," ಅಂದ ಸ್ಟಾಫನ್. "ಆಡ್ಬೇಕು ನಂಗೆ."

ನೋಡಿ ಮಾವ, ಎಷ್ಟು ತಿಂಗಳಿಂದ ನಾನು ಕೇಳುತ್ತಿದ್ದ ಪ್ರಶ್ನೆಗೆ ಉತ್ತರ. ಅದೂ ಅಧ್ಯಕ್ಷರಿಗೆ.

ಮನೆಗೆ ಬರುವಾಗ ಕಾರಿನಲ್ಲಿ ಕೇಳಿದೆ, ಜುಲೈಯಲ್ಲಿ ಫೋನಿನಲ್ಲಿ ಅಪ್ಪನಿಗೆ ಏನು ಹೇಳಬೇಕೆಂದಿದ್ದೆ ಎಂದು. ಅವನು ಉಸಿರೆಳೆದ. ನಾನು ಕಾದೆ. ಸೇತುವೆ ದಾಟಿತು, ಪೆಟ್ರೋಲ್ ಬಂಕ್ ದಾಟಿತು, ಮೀನು ಫ್ಯಾಕ್ಟರಿಯ ಸಿಗ್ನಲ್ಲಿನಲ್ಲಿ ಕೆಂಪು ಬಿತ್ತು. ಕಾದೆ. ಹಸಿರು ಬಂದ ಮೇಲೆ ಗೇರ್ ಹಾಕುತ್ತಾ ಹೇಳಿದ, "'ಒಂದ್ಸಲ ಬಂದು ನಾನು ಆಡೋದು ನೋಡಪ್ಪ' ಅಂತ."

ಅಷ್ಟೇ, ಮಾವ. ನೀವು ಅದನ್ನು ಕೇಳಿಸಿಕೊಳ್ಳದೆಯೇ ಬಂದಿದ್ದಿರಿ.

ಒಂದೇ ವರ್ಷ ಎಂದು ನಾನು ಈಗಲೇ ಟೇಬಲ್ಲಿನ ಮರ ಮುಟ್ಟಿಕೊಳ್ಳುತ್ತಿದ್ದೇನೆ. ಮುಂದಿನ ಶರತ್ಕಾಲಕ್ಕೆ ಮತ್ತೆ ಇದೇ ಆಫೀಸು, ಇದೇ ಪೆನ್ನು. ನೀಲಿ ಕೋಣೆಯನ್ನು ಹಾಗೇ ಇಟ್ಟಿರಿ, ಕ್ರಿಸ್‌ಮಸ್‌ಗೆ ಬಂದು ಮಲಗುತ್ತೇವೆ, ವಾಪಸ್ಸಿನ ಟಿಕೆಟ್ ಜೊತೆಗೆ.

ಇದನ್ನೆಲ್ಲ ನಿಮಗೆ ಬರೆಯಲಾ ಎಂದು ಈಗಷ್ಟೇ ಅವನನ್ನು ಕೇಳಿದೆ. ಸೋಫಾದ ಮೇಲೆ ಕಾಲು ಚಾಚಿಕೊಂಡು ಶುಪ್ ಎಂದು ಉಸಿರೆಳೆದ. ನಾನು ಪೆನ್ನು ಕೆಳಗಿಟ್ಟು, ಕಾಫಿ ತಣ್ಣಗಾಗುವವರೆಗೂ ಕಾದೆ. ಮತ್ತೇನೂ ಬರಲಿಲ್ಲ.

ಹಾಗಾದರೆ ಹೌದು ಎಂದೇ ಅರ್ಥ.

ನಿಮ್ಮ ಸೊಸೆ,
ಪರ್ನಿಲ್ಲಾ